ಗಂಡು ತೊಂಡೆ

ಚಿನ್ನದ ಗಣಿ ಕೆಲಸದವರ ಸಾಲುಮನೆಗಳಾದ ಊರಿಗಾಂ ಲೈನಿನಲ್ಲಿ, ನಮ್ಮ ಮನೆಯ ಹಿತ್ತಲಲ್ಲಿದ್ದ ತೊಂಡೆ ಬಳ್ಳಿಯನ್ನು ಅಮ್ಮ ‘ಅವ್ವ’ ಎಂದೇ ಕರೆಯುತ್ತಿದ್ದಳು. ತಮಾಷೆಗಲ್ಲ. ಬೇತಮಂಗಲದ ಹತ್ತಿರದ ತವರಿನಿಂದ ಮದುವೆಯಾಗಿ ಬರುವಾಗ ಅವಳ ತಾಯಿ ತಮ್ಮ ಬಳ್ಳಿಯಿಂದ ಗೇಣುದ್ದ ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಿಗೆ ಹಾಕಿದ್ದಳಂತೆ. ಆಂಡರ್ಸನ್‌ಪೇಟೆಯ ಚಿಕ್ಕಮ್ಮನಿಗೂ ಅದೇ ಉಡುಗೊರೆ. ಅಮ್ಮನಿಂದ ಲೈನಿನವರೆಲ್ಲ ಕಡ್ಡಿ ಒಯ್ದರು. ಗಣಿ ಮುಚ್ಚಿದ ಮೇಲೆ ಅವರು ಊರು ಬಿಟ್ಟು ಹೋದರು, ಸೂರು ಬಿತ್ತು, ಬಳ್ಳಿ ಮಾತ್ರ ಯಾರ ನೀರೂ ಇಲ್ಲದೆ ಆ ಖಾಲಿ ಗೋಡೆಗಳ ಮೇಲೆ ಕಾಯಿ ಬಿಡುತ್ತಲೇ ಇತ್ತು.

ನಾನು ಬಂಗಾರಪೇಟೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳು. ಇಂಥ ಮಾತಿಗೆಲ್ಲ ಮೂಗು ಮುರಿಯುವ ಜಾತಿ. ಆದರೂ ಅಮ್ಮನ ಮಾತನ್ನು ಅಲ್ಲಗಳೆಯಲು ನನಗೆ ಬಾಯಿಲ್ಲ. ಕಡ್ಡಿಯಿಂದ ಬೆಳೆದದ್ದು ತಾಯಿಬಳ್ಳಿಯೇ. ಅಷ್ಟು ಮನೆಗಳ ಮೇಲೆ ಹಬ್ಬಿದ್ದದ್ದು ಒಂದೇ ಗಿಡ, ಒಂದೇ ಮೈ.

ಹೋದ ವರ್ಷ ಒಂದೇ ವಾರದಲ್ಲಿ ಎಲ್ಲವೂ ಹಳದಿಯಾದವು. ನಮ್ಮದು, ಚಿಕ್ಕಮ್ಮನದು, ಪಾಳುಮನೆಗಳದ್ದು. ತವರಿನ ಬಳ್ಳಿಯೂ ಒಣಗುತ್ತಿದೆಯೆಂದು ಫೋನು ಬಂತು. ಒಂದೇ ಮೈಯಾದ ಮೇಲೆ ಒಂದೇ ರೋಗ ಸಾಕು, ತಡೆಯುವ ಬೇರೆ ರಕ್ತ ಅದರಲ್ಲಿಲ್ಲ ಎಂದು ಅಮ್ಮನಿಗೆ ವಿವರಿಸಿದೆ. ಸಂಜೆ ಆ ಲೈನಿನಲ್ಲಿ ನಡೆದು ಬರುವಾಗ ಮಾತ್ರ ನನಗೇ ಹೆದರಿಕೆಯಾಯಿತು. ಬಾಗಿಲಿಲ್ಲದ ಪ್ರತಿ ಮನೆಯಲ್ಲೂ ಅದೇ ಎಲೆ, ಅದೇ ತುದಿಯಿಂದ, ಅಷ್ಟಷ್ಟೇ ಒಣಗಿತ್ತು.

“ಅವ್ವ ಒಂಟವಳೆ,” ಅಂದಳು ಅಮ್ಮ. “ನನ್ನೂ ಕರೀತಾವಳೆ.”

ಅಂದಿನಿಂದ ಅವಳು ಹಿತ್ತಲ ಬಾಗಿಲು ತೆರೆಯಲಿಲ್ಲ. ದಿನಕ್ಕೊಂದು ಲೋಟ ಗಂಜಿ, ಅಷ್ಟೇ. ಡಾಕ್ಟರು ಕಾಯಿಲೆಯೇನೂ ಇಲ್ಲವೆಂದರು. ಅಮ್ಮ ಕಣ್ಣೆದುರೇ ಸವೆಯುತ್ತಿದ್ದಳು. ನನಗೆ ಅಳುವಿಗಿಂತ ಸಿಟ್ಟು ಹೆಚ್ಚು ಬರುತ್ತಿತ್ತು.

ಬೀಜ ಕಟ್ಟಿಸಿದರೆ ಬಳ್ಳಿಯ ವಂಶವಾದರೂ ಉಳಿದೀತು ಅಂದುಕೊಂಡೆ. ಆದರೆ ನಮ್ಮ ಕಾಯಿಗಳ ಬೀಜವೆಲ್ಲ ಜೊಳ್ಳು. ಬಹಳಷ್ಟು ಗಿಡಗಳಲ್ಲಿ ಗಂಡು ಹೆಣ್ಣು ಒಂದೇ ಹೂವಿನಲ್ಲಿ ಸಂಸಾರ ಮಾಡುತ್ತವೆ. ತೊಂಡೆ ಯಾವ ಕಾಲದಲ್ಲೋ ಮನೆ ಪಾಲು ಮಾಡಿಕೊಂಡು, ಗಂಡಿಗೊಂದು ಬಳ್ಳಿ, ಹೆಣ್ಣಿಗೊಂದು ಬಳ್ಳಿ ಎಂದಾಗಿಬಿಟ್ಟಿದೆ. ಗಂಡು ಬಳ್ಳಿಯ ವೈ ಕ್ರೋಮೋಸೋಮನ್ನು ನಾನೇ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೆ, ಉಳಿದವುಗಳ ನಡುವೆ ದೈತ್ಯನ ಹಾಗಿತ್ತು. ಆ ಗಂಡನ್ನೇ ನಮ್ಮವರು ಉಳಿಸಿರಲಿಲ್ಲ. ಹಕ್ಕಿ ಉದುರಿಸಿದ ಬೀಜ ಬೇಲಿಯಲ್ಲಿ ಹುಟ್ಟಿ, ಹೂವಿನ ಬುಡದಲ್ಲಿ ಪುಟ್ಟ ಕಾಯಿ ಕಾಣದಿದ್ದರೆ, ದಂಡಪಿಂಡವೆಂದು ಬುಡಸಮೇತ ಕಿತ್ತೆಸೆಯುತ್ತಿದ್ದರು. ನಾನೂ ಕಿತ್ತವಳೇ.

ಕೊನೆಗೆ ಗಂಡು ಬಳ್ಳಿ ಸಿಕ್ಕಿದ್ದು ಸಯನೈಡ್ ದಿಬ್ಬದ ಬುಡದಲ್ಲಿ, ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ವಿಷಮಣ್ಣಿನ ಗುಡ್ಡ ಅದು. ಯಾರೂ ಕೀಳಲು ಹೋಗದ ಜಾಗ. ಬೆಳಗಿನ ಬೂದಿ ಬೆಳಕಿನಲ್ಲಿ ಗುಡ್ಡವೂ ಬೂದಿ, ಹಕ್ಕಿಯ ದನಿಯಿಲ್ಲ. ಜಾಲಿಯ ಮೇಲೆ ಗಂಡು ತೊಂಡೆ ಮೈತುಂಬ ಬಿಳಿ ಹೂ ಬಿಟ್ಟು ನಿಂತಿತ್ತು. ಯಾರನ್ನೋ ಕಾಯುತ್ತಿದೆ ಅನ್ನಿಸಿತು. ನಾಲ್ಕು ಹೂ ಕಿತ್ತು ಹಿಂದೆ ನೋಡದೆ ಬಂದೆ. ಹಿತ್ತಲಲ್ಲಿ ಹಸಿರುಳಿದಿದ್ದ ಒಂದೇ ಕುಡಿಯ ಹೆಣ್ಣು ಹೂವಿಗೆ ಅವುಗಳ ಪರಾಗ ಸವರಿದೆ.

ಆ ಕಾಯಿ ಕೆಂಪಗೆ ಹಣ್ಣಾಗುವ ಹೊತ್ತಿಗೆ ಬಳ್ಳಿ ಸತ್ತಿತು. ಬೀಜ ಗಟ್ಟಿಯಿತ್ತು. ಬಿತ್ತಿದ್ದರಲ್ಲಿ ಒಂದೇ ಒಂದು ಮೊಳೆಯಿತು. ಅದು ನಾಲ್ಕೆಲೆ ಬಿಟ್ಟಾಗ ಕುಂಡವನ್ನು ಅಮ್ಮನ ಮಂಚದ ಹತ್ತಿರ ಒಯ್ದೆ. ಅವಳು ಎಲೆಯ ಅಂಚನ್ನು ಬೆರಳಿನಿಂದ ಸವರಿ ನೋಡಿದಳು.

“ಇದು ಅವ್ವ ಅಲ್ಲ ಕಣೆ.”

ಅಲ್ಲ ಅಂದೆ.

“ಮತ್ಯಾರು?”

ಅರ್ಧ ಅವ್ವ, ಇನ್ನರ್ಧ ಆ ದಿಬ್ಬದ್ದು ಅಂದೆ. ಗಂಡೋ ಹೆಣ್ಣೋ ಹೂ ಬಿಡುವ ತನಕ ತಿಳಿಯುವುದಿಲ್ಲ ಎಂದೂ ಹೇಳಿದೆ. ಅಮ್ಮನ ಬೆರಳು ಗಿಡದ ಬುಡದ ಮಣ್ಣಿಗೆ ಇಳಿಯಿತು. ಕಿತ್ತೇ ಬಿಡುತ್ತಾಳೆಂದು ನಾನು ಕುಂಡವನ್ನು ಬಿಗಿಯಾಗಿ ಹಿಡಿದುಕೊಂಡೆ.

“ಯಾರಾನಾ ಆಗ್ಲಿ. ಬಾಯಾರಿ ನಿಂತೈತೆ,” ಅನ್ನುತ್ತ ಅಮ್ಮ ಗೋಡೆ ಹಿಡಿದು ಎದ್ದು ನಿಂತಳು. “ಬಿಡು, ನಾನೇ ನೀರಾಕ್ತೀನಿ.”