ಬೀಗರು ತಿಂದ ಪ್ರಯೋಗ

ಸೂರ್ಯ ಇನ್ನೂ ಗುಡ್ಡದ ಆಚೆಗಿದ್ದಾನೆ. ನಾರಿನ್ ಊರಿನ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಮಾತ್ರ ಬೆಳಗಾಗಿದೆ. ಬುರುಲ್ ಎಜೆ ತೊಳೆದ ಟೆಸ್ಟ್ ಟ್ಯೂಬುಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ನೋಡುತ್ತಿದ್ದಾರೆ. ಎಜೆ ಅಂದರೆ ಅಕ್ಕ. ನಿನ್ನೆ ಸೇರಿದ ಹುಡುಗಿಗೂ, ನಾಳೆ ನಿವೃತ್ತರಾಗುವ ಮೇಷ್ಟರಿಗೂ, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗೂ ಅವರು ಅಕ್ಕನೇ.

ಇವತ್ತು ಮೊದಲ ವರ್ಷದವರಿಗೆ ಲಿವರ್ ಪ್ರಯೋಗ. ಕುರಿಯ ಹಸಿ ಲಿವರಿನ ಚೂರಿಗೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಬುಸುಬುಸು ನೊರೆ ಉಕ್ಕುತ್ತದೆ. ಬೇಯಿಸಿದ ಚೂರಿಗೆ ಸುರಿದರೆ ಏನೂ ಆಗುವುದಿಲ್ಲ. ಜೀವಕೋಶದೊಳಗಿನ ಕಿಣ್ವ ಬೆಂದ ಮೇಲೆ ಕೆಲಸ ಮಾಡದು ಎಂಬ ಪಾಠ ಅಷ್ಟರಲ್ಲೇ ಮುಗಿಯುತ್ತದೆ.

ಆದರೆ ಇವತ್ತಿನ ತರಗತಿಗೆ ಹೊಸ ಡೀನ್ ಸಾಹೇಬರೂ ಬರುವವರಿದ್ದಾರೆ. ಕಾಲೇಜಿಗೆ ಗೋಡೆಯಗಲದ ಪರದೆ ಬಂದಿದೆ. "ಈ ರಕ್ತ, ಈ ವಾಸನೆ ಯಾಕೆ? ವಿಡಿಯೊ ತೋರಿಸಿದರೆ ಸಾಲದೆ?" ಎಂಬುದು ಅವರ ಪ್ರಶ್ನೆ. ಸಾಕು ಎಂದು ಅವರಿಗೆ ಅನ್ನಿಸಿದರೆ ಈ ಮೇಜುಗಳು ಉಗ್ರಾಣಕ್ಕೆ, ಬುರುಲ್ ಎಜೆ ಕೆಳಗೆ, ಬಂದವರು ಬಿಚ್ಚಿಟ್ಟ ಕೋಟು ಕಾಯುವ ಕೋಣೆಗೆ.

"ಕೋಟು ಕಾಯೋದು ಕೆಟ್ಟ ಕೆಲ್ಸ ಅಂತಲ್ಲ," ಎನ್ನುತ್ತಾ ಎಜೆ ಫ್ರಿಜ್ಜಿನ ಬಾಗಿಲು ತೆಗೆಯುತ್ತಾರೆ. "ಆದ್ರೆ ಕೋಟು ಯಾವತ್ತೂ ನೊರೆ ಬಿಡಲ್ಲ ನೋಡಿ." ಲಿವರ್ ಇಟ್ಟಿದ್ದ ಬಟ್ಟಲು ಖಾಲಿ.

ಅಷ್ಟರಲ್ಲಿ ಕಾವಲುಗಾರ ಜಕಿಪ್ ಮುಚ್ಚಿದ ತಟ್ಟೆ ಹಿಡಿದು ಬರುತ್ತಾನೆ. ಮುಖ ಊರಗಲ ಅರಳಿದೆ. "ಎಜೆ, ತಗೊಳ್ಳಿ. ಮಗಳ ಸಂಬಂಧ ಗಟ್ಟಿಯಾಯ್ತು!"

ತಟ್ಟೆಯಲ್ಲಿ ತೆಳ್ಳಗೆ ಹೆಚ್ಚಿದ ಬೆಂದ ಲಿವರ್, ಮೇಲೆ ಕುರಿಯ ಬಾಲದ ಕೊಬ್ಬು. ನಮ್ಮಲ್ಲಿ ಬೀಗರಿಬ್ಬರೂ ಇದನ್ನು ಒಟ್ಟಿಗೆ ತಿಂದರೆ ಮುಗಿಯಿತು, ಆಮೇಲೆ ಯಾರೂ ಮಾತಿಗೆ ತಪ್ಪುವಂತಿಲ್ಲ.

"ಲೋ ಜಕಿಪ್, ಈ ಲಿವರ್ ಎಲ್ಲಿಂದ ಬಂತೋ?"

"ಬೀಗ್ರು ಒಂದಿನ ಮೊದ್ಲೇ ಬಂದ್ಬಿಟ್ರು ಎಜೆ. ಕುರಿ ತರ್ತಿದ್ದ ಜೀಪು ಹಿಮದಲ್ಲಿ ಸಿಕ್ಕಾಕ್ಕೊಂಡಿತ್ತು. ಕೊಬ್ಬು ಮನೇಲಿತ್ತು, ಲಿವರ್ ಇರ್ಲಿಲ್ಲ. ಬೀಗ್ರ ಮುಂದೆ ಖಾಲಿ ತಟ್ಟೆ ಇಡಕ್ಕಾಗತ್ತಾ? ರಾತ್ರಿ ಈ ಫ್ರಿಜ್ಜಿಂದ ತಗೊಂಡ್ಹೋದೆ, ಬೆಳಿಗ್ಗೆ ಹೇಳಿದ್ರಾಯ್ತು ಅಂದ್ಕೊಂಡೆ."

"ಹೇಳ್ದೆಯಲ್ಲ, ಬೇಯಿಸ್ಕೊಂಡು ಬಂದು!"

ಇಂಥ ತಟ್ಟೆಯನ್ನು ಬೇಡ ಎನ್ನುವುದು ಅಪಶಕುನ. ಪ್ರಯೋಗಾಲಯದಲ್ಲಿ ತಿನ್ನುವುದೂ ತಪ್ಪು. ಎಜೆ ಮೊದಲು ಬೆಂದ ಚೂರೊಂದನ್ನು ತರಗತಿಗೆಂದು ಎತ್ತಿಡುತ್ತಾರೆ. ಆಮೇಲೆ ಜಕಿಪನನ್ನು ಹೊರಗೆ ಕರೆದೊಯ್ದು, ಒಂದು ತುಂಡು ಬಾಯಿಗಿಟ್ಟು, ಎರಡೂ ಕೈ ಮುಖಕ್ಕೆ ಸವರಿಕೊಂಡು ಹುಡುಗಿಯನ್ನು ಹರಸುತ್ತಾರೆ. ಅದಾದ ಮೇಲೆ ಬೈಯುತ್ತಾರೆ. ಬೈಗುಳ ಸೊಗಸಾಗಿಯೇ ಇದ್ದವು, ಪತ್ರಿಕೆಗೆ ಒಗ್ಗುವುದಿಲ್ಲ.

ಮದುವೆಗಳ ಕಾಲ ಇದು. ಬಜಾರಿನಲ್ಲಿ ಲಿವರಿಗೆಲ್ಲ ಮೊದಲೇ ಮಾತಾಗಿರುತ್ತದೆ. ಜಕಿಪ್ ತರಿಸಿದ ಕುರಿ ಮುಂಜಾನೆ ಬಂದು ತಲುಪಿದೆ, ಅಂಗಳದಲ್ಲಿ ಕೊಯ್ದೂ ಆಗಿದೆ. "ಆದ್ರೆ ಬೀಗ್ರಿಗೆ ಅಂತ ಕೊಯ್ದ ಮೇಲೆ ಅದು ಬೀಗ್ರದ್ದೇ ಎಜೆ. ನಾನ್ಯಾವ ಬಾಯಲ್ಲಿ ಕೇಳ್ಲಿ?" ಎನ್ನುತ್ತಾನೆ. "ನಿನ್ ಬಾಯಿ ಮುಚ್ಕೊಂಡಿರು, ನಾನ್ ಕೇಳ್ತೀನಿ," ಎಂದು ಎಜೆ ಕೋಟು ಹಾಕಿಕೊಳ್ಳುತ್ತಾರೆ. ಹಿಂದೆ ನಾನು.

ದಾರಿಯಲ್ಲಿ ಅವರ ಕಥೆ ಕೇಳುತ್ತೇನೆ. ಕಸ ಗುಡಿಸಲು ಸೇರಿದವರು ಅವರು. ಪ್ರಯೋಗಾಲಯದ ಸಹಾಯಕಿ ರಷ್ಯಾಕ್ಕೆ ಕೆಲಸಕ್ಕೆ ಹೋದವಳು ಹಿಂದಿರುಗಲಿಲ್ಲ. ಗುಡಿಸುವುದರ ಜೊತೆಗೆ ಟ್ಯೂಬೂ ತೊಳೆಯುತ್ತಿದ್ದ ಎಜೆಯ ಮೇಲೆಯೇ ಅವಳ ಉಳಿದ ಕೆಲಸವೂ ಬಿತ್ತು. ಈಗ ದಿನಕ್ಕೆ ಇನ್ನೂರು ಟ್ಯೂಬು. ಚಳಿಗಾಲದಲ್ಲಿ ನಲ್ಲಿಯ ನೀರು ಗಟ್ಟಿಯಾಗುತ್ತದೆ, ಕೈ ಬಿರಿಯುತ್ತದೆ.

ಸೂಕ್ಷ್ಮದರ್ಶಕದಲ್ಲಿ ಮೊದಲು ನೋಡಿದ್ದೇನು ಎಂದೆ. "ನನ್ ಕೆನ್ನೇನೇ! ಒಳಗಿಂದ ಸ್ವಲ್ಪ ಕೆರ್ದು, ಬಣ್ಣ ಹಾಕಿ ನೋಡು ಅಂದ್ರು. ಲೆಕ್ಕ ಇಲ್ದಷ್ಟು ಕೋಶ, ಒಂದೊಂದ್ರಲ್ಲೂ ಒಂದ್ ಚುಕ್ಕೆ. ಇಷ್ಟು ಜನ ನನ್ನೊಳಗೆ ಬಿಡಾರ ಹೂಡವ್ರೆ, ಒಬ್ರೂ ಬಾಡಿಗೆ ಕೊಡಲ್ವಲ್ಲ ಅಂದೆ."

ಜಕಿಪನ ಮನೆಯಲ್ಲಿ ವರನ ತಾಯಿ ಉಮ್ಸುನ್ ಚಹಾದ ಮುಂದೆ ಕೂತಿದ್ದಾರೆ. ಎಜೆ ಸುತ್ತಿ ಬಳಸದೆ ಕೇಳಿಬಿಡುತ್ತಾರೆ.

"ಹೆಣ್ಣು ಕೇಳಕ್ಕೆ ಬಂದೋರ ಹತ್ರ ಲಿವರ್ ಕೇಳ್ದೋಳು ನೀನೇ ಮೊದ್ಲು," ಎನ್ನುತ್ತಾರೆ ಉಮ್ಸುನ್. "ಯಾತಕ್ಕೆ?"

"ಮಕ್ಕಳಿಗೆ ತೋರ್ಸಕ್ಕೆ. ಕುರಿ ಸತ್ರೂ ಅದ್ರೊಳಗಿನ ಕಿಣ್ವ ಇನ್ನೂ ಕೆಲ್ಸ ಮಾಡ್ತಿರತ್ತೆ."

"ಸತ್ ಮೇಲೂನಾ? ನಮ್ಮನೆಯೋರು ಬದುಕಿದ್ದೂ ಮಾಡಲ್ಲ!" ಪಕ್ಕದಲ್ಲಿದ್ದ ಮನೆಯವರು ಬ್ರೆಡ್ಡಿನ ಕಡೆ ನೋಡುತ್ತಾರೆ. "ಕೊಡ್ತೀನಿ," ಎನ್ನುತ್ತಾರೆ ಉಮ್ಸುನ್. "ಆದ್ರೆ ನಾನೂ ಬರ್ತೀನಿ. ಅದೇನ್ ಮಾಡತ್ತೋ ನೋಡ್ಬೇಕು."

ಹೀಗೆ ಬೀಗಿತ್ತಿಯೇ ಬಿಳಿ ವಸ್ತ್ರ ತಲೆಗೆ ಸುತ್ತಿಕೊಂಡು, ಬಟ್ಟಲು ಹಿಡಿದು ತರಗತಿಗೆ ಬರುತ್ತಾರೆ; ಹಿಂದಿನ ಬೆಂಚಿನಲ್ಲಿ ಡೀನರ ಪಕ್ಕ ಕೂರುತ್ತಾರೆ. ಬುರುಲ್ ಎಜೆ ಬಾಗಿಲ ಬಳಿ ನಿಂತಿದ್ದಾರೆ. ಏಪ್ರನ್ನಿನ ಅಂಚು ಹಿಂಡುತ್ತಿದ್ದಾರೆ, ಅದು ಅವರಿಗೇ ಗೊತ್ತಿಲ್ಲ.

ಪಾಠ ಮಾಡುವ ಚೋಲ್ಪೋನ್ ಮೇಡಂ ಎರಡೂ ಟ್ಯೂಬಿಗೆ ಪೆರಾಕ್ಸೈಡ್ ಹನಿಸುತ್ತಾರೆ. ಬೆಂದ ಚೂರು ಸುಮ್ಮನಿದೆ. ಹಸಿ ಚೂರಿನ ಟ್ಯೂಬಿನಲ್ಲಿ ನೊರೆ ಏರಿ, ಬಾಯಿ ದಾಟಿ, ಮೇಜಿನ ಮೇಲೆ ಸುರಿಯುತ್ತದೆ. ಮಕ್ಕಳು ಹೋ ಎನ್ನುತ್ತಾರೆ. ಡೀನರು ಗಡಿಯಾರ ನೋಡುತ್ತಾರೆ. ಇದು ಅವರು ಪರದೆಯಲ್ಲಿ ಕಂಡದ್ದೇ.

ಉಮ್ಸುನ್ ಕೂತಲ್ಲಿ ಕೂರುವವರಲ್ಲ. ಎದ್ದು ಹೋಗಿ ಟ್ಯೂಬನ್ನು ಮುಟ್ಟಿಯೇ ಬಿಡುತ್ತಾರೆ. "ಅಯ್ಯೋ, ಬಿಸಿ ಆಗ್ತಿದೆ! ಒಲೆ ಇಲ್ಲ, ಬೆಂಕಿ ಇಲ್ಲ! ನನ್ನೊಳಗೂ ಹಿಂಗೇನಾ?"

"ಹೌದು ಅಪಾ," ಎನ್ನುತ್ತಾರೆ ಮೇಡಂ. ಅಪಾ ಅಂದರೆ ತಾಯಿ. "ಈ ಪೆರಾಕ್ಸೈಡ್ ವಿಷ. ನಿಮ್ಮೊಳಗೆ ಅದು ತುಸುತುಸುವೇ ಹುಟ್ಟತ್ತೆ, ಹುಟ್ಟಿದ ಹಾಗೇ ಒಡೆದು ಹೋಗತ್ತೆ. ಅದಕ್ಕೇ ನೊರೆ ಬರಲ್ಲ."

ಉಮ್ಸುನ್ ಟ್ಯೂಬನ್ನು ನೇರ ಡೀನರ ಮುಂದೆ ಹಿಡಿಯುತ್ತಾರೆ. "ಹಿಡಿ ಮಗಾ." ತಾಯಿ ವಯಸ್ಸಿನವರು ಕೊಟ್ಟಿದ್ದನ್ನು ಬೇಡ ಎನ್ನಲಾದೀತೆ? ಡೀನರು ಹಿಡಿಯುತ್ತಾರೆ. ಬಿಡುವುದಿಲ್ಲ. ಇನ್ನೊಂದು ಕೈಯಲ್ಲಿ ಬೆಂದ ಚೂರಿನ ಟ್ಯೂಬನ್ನೂ ಕೇಳಿ ತೆಗೆದುಕೊಳ್ಳುತ್ತಾರೆ. ಒಮ್ಮೆ ಆ ಕೈ, ಒಮ್ಮೆ ಈ ಕೈ ನೋಡಿಕೊಳ್ಳುತ್ತಾರೆ. ಅವರ ಮುಖದಲ್ಲಿ ಆಗ ಕಂಡ ಕುತೂಹಲ ನನಗೆ ತುಂಬಾ ಇಷ್ಟವಾಯಿತು.

"ಬಿಸಿ ಆಗುತ್ತೆ ಅಂತ ವಿಡಿಯೊದಲ್ಲಿ ಗೊತ್ತಾಗಲಿಲ್ಲ," ಎನ್ನುತ್ತಾರೆ ಕೊನೆಗೆ. "ಪರದೆ ಸಭಾಂಗಣದಲ್ಲಿರಲಿ. ಈ ಮೇಜುಗಳನ್ನು ಯಾರೂ ಮುಟ್ಟಬೇಡಿ."

ಮಕ್ಕಳು ಹೊರಟ ಮೇಲೆ ಎಜೆ ಟ್ಯೂಬುಗಳನ್ನು ಬಕೆಟ್ಟಿಗೆ ಹಾಕುತ್ತಿದ್ದಾರೆ. ಕಣ್ಣು ಒದ್ದೆ, ಪೆರಾಕ್ಸೈಡಿನ ಘಾಟು ಎಂದು ದೂರುತ್ತಾರೆ, ಅದಕ್ಕೆ ಘಾಟೇ ಇಲ್ಲ. ಇನ್ನೇನು ಆಸೆ ಎಜೆ, ಎಂದು ಕೇಳುತ್ತೇನೆ.

"ಮುಂದಿನ್ ವಾರ ಈರುಳ್ಳಿ ಪೊರೆ ಬಿಡಿಸಿ ಕೋಶ ನೋಡೋದು. ಅದು ನೆಟ್ಟಗೆ ನಡೆದ್ರೆ ಸಾಕು," ಎನ್ನುತ್ತಾರೆ. "ಈರುಳ್ಳಿ ತಿಂದು ಯಾರೂ ಬೀಗ್ರಾಗಲ್ಲ."