ನಡೆಯುತ್ತಿದ್ದ ಕೋಲು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಅಂದು ಹಡಗಿನಲ್ಲಿ ಕೆಟ್ಟದ್ದು ಶುರುವಾದದ್ದು ಆ ಹೊತ್ತಿಗೆ. ಕಳೆದ ಗುರುವಾರ ಕತಾರಿನ ಅಲ್ ಮನ್ಸೂರಾದಲ್ಲಿ ರಸ್ತೆ ಅಗೆದ ಹೊಂಡದ ಪಕ್ಕ ಕೋಲೊಂದನ್ನು ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದರು. ಕಂಡವನೇ ಗಡಿಯಾರ ನೋಡಿಕೊಂಡೆ. ನಮ್ಮ ಸಾರಂಗರು ನೆನಪಾದರು...

ಸಾರಂಗ ಎಂದರೆ ಹಡಗಿನ ಡೆಕ್ಕಿನ ಕೆಲಸಗಾರರ ಹಿರಿಯ. ಅವರು ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು, ಹಡಗು ಹತ್ತುವ ಮೊದಲು ಮೀನಿನ ದೋಣಿಯಲ್ಲಿದ್ದವರು. ನಾನೂ ಮಲ್ಪೆಯ ಮೀನುಗಾರರ ಮನೆಯವನೇ, ಕಾಲೇಜು ಓದಿ ಮೂರನೇ ಆಫೀಸರ್ ಆದವನು. ಹಗ್ಗದ ಗಂಟುಗಳನ್ನೆಲ್ಲ ನನಗೆ ಕಲಿಸಿದವರು ಅವರು. ಆದರೂ ಎಲ್ಲರೆದುರು ನನ್ನನ್ನು ‘ತೀನ್ ಸಾಬ್’, ಅಂದರೆ ಮೂರನೇ ಸಾಹೇಬ, ಎಂದೇ ಕರೆಯುತ್ತಿದ್ದರು.

ಆಗ ಕೊಲ್ಲಿಯಲ್ಲಿ ಯುದ್ಧ. ಕತಾರಿನಿಂದ ಹೊರಟ ಆರು ಸರಕು ಹಡಗುಗಳು ಸಾಲಾಗಿ ಸಾಗಬೇಕು. ಮುಂದೆ ಎರಡು, ಹಿಂದೆ ಒಂದು ಯುದ್ಧನೌಕೆಯ ಕಾವಲು. ನೀರಿನಡಿ ಸಣ್ಣ ಜಲಾಂತರ್ಗಾಮಿಗಳಿವೆ ಎಂದು ಎಚ್ಚರಿಸಿದ್ದರು. ತೇಲುವ ಕಸ ಕಂಡರೂ ತಕ್ಷಣ ಕಾವಲಿನವರಿಗೆ ತಿಳಿಸಬೇಕಿತ್ತು. ಮೊದಲ ದಿನವೇ ನಾನು ಎರಡು ಸಲ ತಿಳಿಸಿದೆ. ಒಂದು ಖಾಲಿ ಡ್ರಮ್ಮು, ಇನ್ನೊಂದು ಆಮೆ. ಊಟದ ಹೊತ್ತಿಗೆ ಸಾರಂಗರು, “ತೀನ್ ಸಾಬ್, ಆಮೆಯ ಪಾಸ್‌ಪೋರ್ಟ್ ನೋಡಿದಿರಾ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುದಿನ ಹತ್ತು ನಲವತ್ತಕ್ಕೆ ಬಲಗಡೆ ದೂರದಲ್ಲಿ ಕೋಲೊಂದು ಕಂಡಿತು. ಬಲೆ ಬಿಟ್ಟ ಜಾಗ ಗೊತ್ತಾಗಲೆಂದು ನಮ್ಮೂರಲ್ಲಿ ತೇಲಿಬಿಡುವ ಕೋಲಿನ ಹಾಗೆಯೇ. ಯಾರದೋ ಬಲೆ ಎಂದುಕೊಂಡೆ. ಮತ್ತೊಮ್ಮೆ ನಗೆಗೀಡಾಗಲು ಮನಸ್ಸಿರಲಿಲ್ಲ. ಸುಮ್ಮನಾದೆ.

ಹತ್ತು ನಿಮಿಷ ಕಳೆದ ಮೇಲೆ, ಹಡಗಿನ ಮುಂತುದಿಯಲ್ಲಿ ಕಾವಲಿದ್ದ ಸಾರಂಗರ ದನಿ ವಾಕಿಟಾಕಿಯಲ್ಲಿ ಬಂತು. ಸಾಬ್ ಎನ್ನಲಿಲ್ಲ. ಬ್ಯಾರಿ ಭಾಷೆಯಲ್ಲಿ ಮಗನನ್ನು ಕರೆಯುವಂತೆ ಕರೆದರು.

“ಮೋನೆ, ಬಲಗಡೆ ಆ ಕೋಲು ನೋಡು. ಬಲೆಯದ್ದಲ್ಲ. ಬಲೆಯ ಕೋಲು ಅಲೆಗೆ ತೂಗ್ತದೆ. ಇದು ನಡೀತಾ ಉಂಟು.”

ಜಲಾಂತರ್ಗಾಮಿಯ ಪೆರಿಸ್ಕೋಪು! ನಾನು ತಿಳಿಸಿದ ಕೂಡಲೇ, ಪಕ್ಕೆಗೆ ಏಟು ಬೀಳದಿರಲೆಂದು ಕ್ಯಾಪ್ಟನ್ ಹಡಗನ್ನು ಅದರತ್ತಲೇ ತಿರುಗಿಸತೊಡಗಿದರು. ಹಿಂದಿನ ಯುದ್ಧನೌಕೆ ನಮ್ಮತ್ತ ಧಾವಿಸಿತು. ಅಷ್ಟರಲ್ಲಿ ನೀರಿನ ಮೇಲೆ ಟಾರ್ಪಿಡೊದ ಬಿಳಿ ಗೆರೆಯೊಂದು... ಎಂಜಿನ್ ರೂಮಿಗೆ ಬಡಿಯಬೇಕಿದ್ದದ್ದು ಮುಂತುದಿಗೆ ಬಡಿಯಿತು. ಒಳಗಿದ್ದ ನಾವೆಲ್ಲ ಉಳಿದೆವು. ಮುಂತುದಿಯಲ್ಲಿ ಇದ್ದವರು ಸಾರಂಗರೊಬ್ಬರೇ.

ಕೋಲು ಮೊದಲು ಕಂಡದ್ದು ಎಷ್ಟು ಹೊತ್ತಿಗೆ ಎಂದು ವಿಚಾರಣೆಯಲ್ಲಿ ಕೇಳಿದರು. ಹತ್ತು ಐವತ್ತಕ್ಕೆ ಎಂದೆ. ಅಂದಿನಿಂದ ನಿದ್ದೆ ಎಂದರೆ ಒಂದೆರಡು ಗಂಟೆ. ಕಣ್ಣು ಮುಚ್ಚಿದರೆ ಆ ಕೋಲು ನಡೆಯತೊಡಗುತ್ತಿತ್ತು.

ಕೆಂಪು ಬಟ್ಟೆ ಕಂಡ ಮರುದಿನ, ಶುಕ್ರವಾರ, ಇಲ್ಲೇ ಅಲ್ ಥುಮಾಮಾದಲ್ಲಿರುವ ಸಾರಂಗರ ಮಗಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಆಕೆ ಕೇಳಿದರು,

“ಹತ್ತು ನಿಮಿಷವಾ, ಅಣ್ಣಾ?”

ಹೌದೆಂದೆ.

“ವಿಚಾರಣೆಯವರಿಗೂ ಹೇಳಿ.”

ಅಲ್ಲೇ ಕೂತು ಬರೆದು ಕಳುಹಿಸಿದೆ. ಅಂದು ರಾತ್ರಿ ಮಲಗಿದವನು ಕಣ್ಣು ಬಿಟ್ಟಾಗ ಹಾಸಿಗೆಯ ಮೇಲೆ ಬಿಸಿಲಿತ್ತು. ಗಂಟೆ ಹನ್ನೊಂದಾಗಿತ್ತು. ಹತ್ತು ನಲವತ್ತು ನನ್ನನ್ನು ಎಬ್ಬಿಸದೆ ದಾಟಿಹೋಗಿತ್ತು. ಸಾರಂಗರಿಗೆ ಸಿಗಬೇಕಿದ್ದ ಹತ್ತು ನಿಮಿಷ ಮಾತ್ರ ಈಗಲೂ ನನ್ನ ಬಳಿಯೇ ಇದೆ...