ಟ್ರೇಡ್‌ನಲ್ಲಿ ಬಂದವನ ಮೊಣಕಾಲು

ನಮ್ಮ ಕಂಪನಿ ಚಿಕಾಗೋ ಪಕ್ಕದ ಎಲ್ಕ್ ಗ್ರೋವ್‌ನಿಂದ ನನ್ನನ್ನು ಡೆಟ್ರಾಯ್ಟ್ ಪ್ಲಾಂಟಿಗೆ ಕಳಿಸಿ, ಅಲ್ಲಿ ಎಲ್ಲರಿಗೂ ಬೇಕಾಗಿದ್ದ ಎಂಜಿನಿಯರೊಬ್ಬನನ್ನು ಬದಲಿಗೆ ಕರೆಸಿಕೊಂಡಿತು. ಅಲ್ಲಿನ ಸೂಪರ್‌ವೈಸರ್ ಹುಬ್ಬಳ್ಳಿಯವರು, ಬಾಸ್ಕೆಟ್‌ಬಾಲ್ ಹುಚ್ಚಿನವರು. ನಾನು ನಮಸ್ಕಾರ ಅಂದರೆ ಅವರು ನನ್ನ ಕಾಲು ನೋಡಿದರು.

"ನಮ್ಮ ಡೆಟ್ರಾಯ್ಟ್ ಬಾಸ್ಕೆಟ್‌ಬಾಲ್ ಟೀಮಿನವರೂ ಹಿಂಗ ಟ್ರೇಡ್ ಮಾಡಿದ್ರು ತಮ್ಮಾ. ಚಲೋ ಆಟಗಾರನ್ನ ಕೊಟ್ಟು ಮೊಣಕಾಲು ಹೋದಾಂವನ್ನ ತಂದ್ರು. ಇವತ್ತಿಗೂ ಹೊಟ್ಟಿ ಉರಿತದ. ಒಂದೀಟು ಆ ಮೆಟ್ಟಿಲು ಹತ್ತಿ ಇಳಿ, ನೋಡೂಣು."

ತಮಾಷೆ ಅಂದುಕೊಂಡೆ. ಅವರು ನಗಲಿಲ್ಲ. ಹತ್ತಿ ಇಳಿದೆ.

"ಕಾಲು ನೆಟ್ಟಗದಾವ," ಅಂದರು. ಮುಖದಲ್ಲಿ ಅನುಮಾನ ಇನ್ನೂ ಜಾಸ್ತಿಯಾಗಿತ್ತು. "ಮತ್ತ ನಿನ್ನ ಯಾಕ ಬಿಟ್ಟುಕೊಟ್ರು?"

ನಾನು ಎಲ್ಕ್ ಗ್ರೋವ್‌ನಿಂದ ಹೊರಡುವ ದಿನ ನಮ್ಮ ಮ್ಯಾನೇಜರ್ ಕೇಕ್ ತರಿಸಿದ್ದರು. ಈಗ ಯೋಚಿಸಿದರೆ, ಆ ಕೇಕು ಸ್ವಲ್ಪ ದೊಡ್ಡದೇ ಇತ್ತು.